ಕ್ರಾಸ್‌ಓವರ್ ಕೊಳ್ಳುವ ಮುನ್ನ ಶಹಾಬಾದದಿಂದ ಚಿಂಚೋಳಿವರೆಗೆ ಓಡಿಸಿ ನೋಡಿ

ಕಲಬುರಗಿಯ ಶೋರೂಂಗಳಲ್ಲಿ ಟೆಸ್ಟ್ ಡ್ರೈವ್ ಎಂದರೆ ಸಾಮಾನ್ಯವಾಗಿ ರಿಂಗ್ ರಸ್ತೆಯಲ್ಲಿ ಒಂದು ಸುತ್ತು. ಮೊದಲೇ ಎ.ಸಿ. ಹಾಕಿ ತಂಪು ಮಾಡಿಟ್ಟ ಟಾಪ್ ಮಾಡೆಲ್ ಗಾಡಿ, ಪಕ್ಕದಲ್ಲಿ ಬಿಡುವಿಲ್ಲದೆ ಮಾತಾಡುವ ಸೇಲ್ಸ್ ಹುಡುಗ, ಹತ್ತು ಹದಿನೈದು ನಿಮಿಷದೊಳಗೆ ಗಾಡಿ ಮತ್ತೆ ಶೋರೂಂ ಗೇಟಿನೊಳಗೆ. ಹತ್ತು ಹನ್ನೆರಡು ಲಕ್ಷ ರೂಪಾಯಿಯ, ಐದಾರು ವರ್ಷ ಕಂತು ಕಟ್ಟಬೇಕಾದ ವಸ್ತುವನ್ನು ನಮ್ಮ ಭಾಗದ ಜನ ಇಷ್ಟೇ ನೋಡಿ ಕೊಳ್ಳುತ್ತಾರೆ. ಗಾಡಿ ಮನೆಗೆ ಬಂದ ಮೇಲೆ ಓಡುವುದು ಮಾತ್ರ ಬೇರೆಯೇ ರಸ್ತೆಯಲ್ಲಿ: ಶಹಾಬಾದದ ಕಲ್ಲಿನ ಪುಡಿ, ವಾಡಿಯ ಸಿಮೆಂಟ್ ಲಾರಿ ಸಾಲು, ಚಿತ್ತಾಪುರದ ಎರೆ ಹೊಲಗಳ ಅಂಚು, ಸೇಡಂನ ಬಿಸಿಲು, ಚಿಂಚೋಳಿಯ ಏರು ತಿರುವು.

ಗಾಡಿಯನ್ನು ಈ ರಸ್ತೆಗಳಲ್ಲೇ ಪರೀಕ್ಷೆ ಮಾಡಬೇಕು. ಮನೆಮಂದಿಯನ್ನು ಕೂರಿಸಿಕೊಂಡು, ಸಾಮಾನು ತುಂಬಿ, ಬೆಳಗಿನಿಂದ ಕತ್ತಲಾಗುವವರೆಗೆ. ಕಲಬುರಗಿಯಿಂದ ಹೊರಟು ಶಹಾಬಾದ, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ, ಚಿಂಚೋಳಿ ಮುಟ್ಟಿ ಮಹಾಗಾಂವ ಕ್ರಾಸ್ ಮೂಲಕ ಮರಳಿದರೆ ಇನ್ನೂರು ಕಿಲೋಮೀಟರ್ ದಾಟುತ್ತದೆ. ಒಂದು ಗಾಡಿಯ ಗುಣ–ದೋಷ ಹೊರಬೀಳಲು ಅಷ್ಟು ದೂರ ಸಾಕು.

ಅಷ್ಟು ದೂರಕ್ಕೆ ಗಾಡಿ ಕೊಡುವವರು ಯಾರು? ಕೆಲವು ಡೀಲರುಗಳು ಗಂಭೀರವಾಗಿ ಕೊಳ್ಳುವವರಿಗೆ ಅರ್ಧ ದಿನ ಕೊಡುತ್ತಾರೆ, ತಮ್ಮ ಕಡೆಯ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ. ಕೇಳಲು ಸಂಕೋಚ ಬೇಡ. ಕೊಡದಿದ್ದರೆ ಅದೇ ಮಾಡೆಲ್ ಇಟ್ಟುಕೊಂಡ ನೆಂಟರನ್ನೋ ಗೆಳೆಯರನ್ನೋ ಕೇಳಿ, ಡೀಸೆಲ್–ಪೆಟ್ರೋಲ್ ನಿಮ್ಮದೆಂದು ಹೇಳಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇನ್ನೊಂದು ದಾರಿ ಸೆಲ್ಫ್ ಡ್ರೈವ್ ಬಾಡಿಗೆ ಗಾಡಿ. ಕಾನೂನು ಪ್ರಕಾರ ಬಾಡಿಗೆಗೆ ಬಿಟ್ಟ ಸೆಲ್ಫ್ ಡ್ರೈವ್ ಗಾಡಿಯ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನು ಕಡಿಮೆ ದುಡ್ಡಿಗೆ ಬಾಡಿಗೆ ಕೊಡುತ್ತೇನೆ ಎನ್ನುವವರಿಂದ ದೂರವಿರಿ. ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಬಹುದು. ಯಾವ ದಾರಿ ಹಿಡಿದರೂ ನಿಮ್ಮ ಡ್ರೈವಿಂಗ್ ಲೈಸೆನ್ಸ್ ಜೇಬಿನಲ್ಲಿರಲಿ, ಗಾಡಿಯ ವಿಮೆ ಚಾಲ್ತಿಯಲ್ಲಿದೆಯೇ ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಿ. ಚಿಂಚೋಳಿಯಾಚೆಯ ಕುಂಚಾವರಂ ದಾಟಿ ತೆಲಂಗಾಣಕ್ಕೆ ಇಳಿಯುವ ಆಸೆ ಇದ್ದರೆ ಗಾಡಿ ಕೊಟ್ಟವರನ್ನು ಮೊದಲೇ ಕೇಳಿ.

ಕ್ರಾಸ್‌ಓವರ್ ಅಂದರೆ ಯಾವುದು

ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುವ ಬೊಲೆರೊ, ಸ್ಕಾರ್ಪಿಯೊಗಳಲ್ಲಿ ಕೆಳಗೆ ಲಾರಿಗಿರುವಂಥ ಚಾಸಿ, ಅದರ ಮೇಲೆ ಬಾಡಿ. ಕ್ರಾಸ್‌ಓವರ್‌ನಲ್ಲಿ ಚಾಸಿ ಬೇರೆ, ಬಾಡಿ ಬೇರೆ ಎಂದಿಲ್ಲ. ಕಾರಿನಂತೆ ಇಡೀ ಮೈ ಒಂದೇ, ನಿಲುವು ಮಾತ್ರ ಎತ್ತರ. ಕ್ರೆಟಾ, ನೆಕ್ಸಾನ್, ಬ್ರೆಝಾ, ಸೆಲ್ಟೋಸ್, ವೆನ್ಯೂ, ಪಂಚ್, ಫ್ರಾಂಕ್ಸ್, ಎಲಿವೇಟ್ ಎಲ್ಲವೂ ಈ ಜಾತಿಯವೇ, ಜಾಹೀರಾತಿನಲ್ಲಿ ಎಸ್‌ಯುವಿ ಎಂದು ಕರೆದರೂ. ಕಾರಿನಷ್ಟು ಹಗುರವಾಗಿ ತಿರುಗುತ್ತವೆ, ತಗ್ಗು–ದಿನ್ನೆಗೆ ಹೊಟ್ಟೆ ತಾಗುವುದು ಕಡಿಮೆ, ಹತ್ತಿ ಇಳಿಯಲು ಸುಲಭ. ಆದರೆ ಬಹುತೇಕ ಎಲ್ಲದರಲ್ಲೂ ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಬೊಲೆರೊ ಮಾಡುವ ಹೊಲದ ಕೆಲಸವನ್ನು ಇವುಗಳಿಂದ ನಿರೀಕ್ಷಿಸುವುದು ತಪ್ಪು. ನಿಮ್ಮ ಗಾಡಿ ವಾರಕ್ಕೆರಡು ಸಲ ಹೊಲಕ್ಕೆ ಇಳಿಯಬೇಕಿದ್ದರೆ, ಚೀಲ ಹೊರಬೇಕಿದ್ದರೆ ಕ್ರಾಸ್‌ಓವರ್ ಬಿಟ್ಟುಬಿಡಿ.

ಹೊರಡುವ ಮುಂಚೆ

ಒಂದು ವಿಷಯದಲ್ಲಿ ಹಟ ಹಿಡಿಯಿರಿ: ನೀವು ಕೊಳ್ಳುವ ವೇರಿಯಂಟನ್ನೇ ಓಡಿಸಬೇಕು. ಟಾಪ್ ಮಾಡೆಲ್‌ಗೆ ದೊಡ್ಡ ಅಲಾಯ್ ಚಕ್ರ, ತೆಳು ಪಕ್ಕೆಯ ಟೈರ್ ಇರುತ್ತವೆ. ಕೆಳಗಿನ ಮಾಡೆಲ್‌ಗೆ ಸಣ್ಣ ಚಕ್ರ, ದಪ್ಪ ಟೈರ್. ತಗ್ಗಿನಲ್ಲಿ ಇವೆರಡರ ನಡೆ ಬೇರೆ ಬೇರೆ, ಎಷ್ಟೋ ಸಲ ಅಗ್ಗದ್ದೇ ಮೆತ್ತಗಿರುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡ ಅದೇ ಆಗಿರಲಿ. ಟರ್ಬೊ ಪೆಟ್ರೋಲ್ ಓಡಿಸಿ ನೋಡಿ ಸಾದಾ ಪೆಟ್ರೋಲ್ ಬುಕ್ ಮಾಡಿದರೆ ಪರೀಕ್ಷೆ ಮಾಡಿ ಫಲವೇನು?

ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಟೈರಿನ ಗಾಳಿ ಎಷ್ಟಿರಬೇಕೆಂದು ಬರೆದಿರುತ್ತದೆ. ಟೈರ್ ಬಿಸಿಯಾಗುವ ಮುಂಚೆ ಅಷ್ಟು ಗಾಳಿ ತುಂಬಿಸಿ. ಗಾಳಿ ಕಡಿಮೆ ಇಟ್ಟ ಡೆಮೊ ಗಾಡಿ ಮೆತ್ತಗೆ ಓಡಿದಂತೆ ಅನಿಸುತ್ತದೆ, ಅದನ್ನು ನಂಬಿ ಮೋಸಹೋಗಬಾರದು. ಆಮೇಲೆ ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ಎಣ್ಣೆ ಹಾಕಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಸಂಜೆ ಅದೇ ಬಂಕಿಗೆ ಬಂದು ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಪರದೆಯ ಮೇಲೆ ತೋರುವ ಮೈಲೇಜಿಗಿಂತ ಈ ಲೆಕ್ಕವನ್ನು ನಂಬಬಹುದು.

ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ. ಅವ್ವನೋ ಅಜ್ಜಿಯೋ ಸೀರೆ ಉಟ್ಟು ಹಿಂದಿನ ಬಾಗಿಲಿನಿಂದ ಹತ್ತುವುದನ್ನು ನಿಂತು ನೋಡಿ. ಸೀಟಿನ ಎತ್ತರ ಅವರ ಸೊಂಟಕ್ಕೆ ಸರಿಹೊಂದಿದರೆ ಸುಮ್ಮನೆ ಹಿಂದಕ್ಕೆ ಕೂತು ಕಾಲು ಒಳಗೆಳೆದುಕೊಳ್ಳುತ್ತಾರೆ. ಹೊಸ್ತಿಲಿನಂಥ ಕೆಳಗಿನ ಪಟ್ಟಿ ಅಗಲವಾಗಿದ್ದರೆ ನೆರಿಗೆ ಅದಕ್ಕೆ ಉಜ್ಜಿ ಧೂಳಾಗುತ್ತದೆ, ಕಾಲು ಎತ್ತಿಡಲು ಮೇಲಿನ ಹಿಡಿಕೆ ಹುಡುಕುತ್ತಾರೆ. ಕೆಲವು ಗಾಡಿಗಳಲ್ಲಿ ಚಾವಣಿ ಹಿಂದಕ್ಕೆ ಇಳಿದಿರುವುದರಿಂದ ತಲೆ ಬಗ್ಗಿಸಿ ಒಳಹೋಗಬೇಕು. ಮೊಣಕಾಲು ನೋವಿರುವವರು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದ ಮೇಲೆ ಹೇಳುವ ಮಾತನ್ನು ನನ್ನ ಪ್ರಕಾರ ಪತ್ರಿಕೆಗಳ ವಿಮರ್ಶೆಗಿಂತ ಹೆಚ್ಚಾಗಿ ನಂಬಬೇಕು.

ಶಹಾಬಾದ: ಟೈರು, ಹಂಪು, ಧೂಳು

ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಊರು ಎನ್ನಲಾಗುವ ಮರತೂರು ದಾಟಿ ಶಹಾಬಾದ ಸಮೀಪಿಸಿದರೆ ನೆಲವೇ ಬದಲಾಗುತ್ತದೆ. ಭೀಮಾ ಕೊಳ್ಳದ ಈ ಸುಣ್ಣದ ಕಲ್ಲು ಪದರ ಪದರವಾಗಿ ಏಳುತ್ತದೆ. ಅದೇ ಊರೂರಿನ ಮನೆ ನೆಲಕ್ಕೆ ಹಾಸಿದ ಶಹಾಬಾದ ಫರ್ಸಿ. ರಸ್ತೆ ಬದಿಗೆ ಒಟ್ಟಿದ ಬೂದು–ನೀಲಿ ಫರ್ಸಿಗಳು, ಪಾಲಿಶ್ ಘಟಕಗಳಿಂದ ಬಂದು ಒಣಗಿದ ಬಿಳಿ ಪುಡಿ, ಟ್ರ್ಯಾಕ್ಟರಿನಿಂದ ಉದುರಿದ ಚೂರು. ಈ ಚೂರುಗಳ ಅಂಚು ಚೂಪು. ಚಕ್ರ ರಸ್ತೆ ಬಿಟ್ಟು ಬದಿಗೆ ಇಳಿದಾಗ ಅವು ಟೈರಿನ ಪಕ್ಕೆಯನ್ನು ಸೀಳುತ್ತವೆ, ಪಕ್ಕೆ ಸೀಳಿದರೆ ಪಂಕ್ಚರ್ ಅಂಗಡಿಯವರೂ ಏನೂ ಮಾಡಲಾರರು.

ಆದ್ದರಿಂದ ಡಿಕ್ಕಿ ತೆರೆದು ಸ್ಟೆಪ್ನಿ ಹೊರಗೆಳೆದು ನೋಡಿ. ಉಳಿದ ನಾಲ್ಕು ಚಕ್ರದ ಅಳತೆಯದೇ ಇದೆಯೇ, ಸಣ್ಣದು ಕೊಟ್ಟಿದ್ದಾರೆಯೇ? ಸಣ್ಣ ಸ್ಟೆಪ್ನಿಯ ಮೇಲೆ ಗಂಟೆಗೆ 80 ಕಿ.ಮೀ. ಮಿತಿ ಬರೆದಿರುತ್ತದೆ. 2020ರ ತಿದ್ದುಪಡಿಯ ನಂತರ ಟ್ಯೂಬ್‌ಲೆಸ್ ಟೈರ್, ಗಾಳಿ ತೋರಿಸುವ ಸೆನ್ಸರ್ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿಯನ್ನೇ ಕೊಡದಿರಲು ಕಂಪನಿಗಳಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಅದು ನಡೆಯಬಹುದು. ಶಹಾಬಾದ, ಚಿತ್ತಾಪುರ ಭಾಗದವರು ಪೂರ್ಣ ಅಳತೆಯ ಸ್ಟೆಪ್ನಿ ಇಲ್ಲದ ಗಾಡಿ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು, ಅಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಊರೊಳಗಿನ ಹಂಪುಗಳು ಗೋಡೆಯಂತೆ ನಿಂತಿರುತ್ತವೆ. ಪುಸ್ತಕದಲ್ಲಿ ನೆಕ್ಸಾನ್‌ಗೆ 208 ಮಿ.ಮೀ., ಕ್ರೆಟಾಗೆ 190, ಎಲಿವೇಟ್‌ಗೆ 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಎಂದಿರುತ್ತದೆ, ಆದರೆ ಅದು ಖಾಲಿ ಗಾಡಿಯ ಅಳತೆ. ಐದು ಜನ ಕೂತು ಡಿಕ್ಕಿ ತುಂಬಿದರೆ ಹಿಂಭಾಗ ಕೆಲವು ಸೆಂಟಿಮೀಟರ್ ಕುಸಿಯುತ್ತದೆ. ತುಂಬಿದ ಗಾಡಿಯನ್ನೇ ಹಂಪಿನ ಮೇಲೆ ನೇರವಾಗಿ, ನಿಧಾನಕ್ಕೆ ದಾಟಿಸಿ. ಕಿಟಕಿ ಇಳಿಸಿ ಕೆಳಗಿನಿಂದ ಏನಾದರೂ ಉಜ್ಜಿದ ಸದ್ದು ಬಂತೇ ಕೇಳಿ. ಇಳಿದ ಮೇಲೆ ಗಾಡಿ ಒಂದೇ ಸಲ ಕುಪ್ಪಳಿಸಿ ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ದೂರದ ಪ್ರಯಾಣದಲ್ಲಿ ಹಿಂದೆ ಕೂತ ಮಕ್ಕಳಿಗೆ ವಾಂತಿ ಬರುತ್ತದೆ.

ಧೂಳಿನ ಪರೀಕ್ಷೆ ಸುಲಭ. ಕಿಟಕಿಗಳನ್ನೆಲ್ಲ ಏರಿಸಿ, ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವ ಬಟನ್ನಿಗೆ ಹಾಕಿ, ಕಲ್ಲಿನ ಲಾರಿಯ ಹಿಂದೆ ಸುರಕ್ಷಿತ ಅಂತರದಲ್ಲಿ ಒಂದಷ್ಟು ದೂರ ಸಾಗಿ. ನಿಲ್ಲಿಸಿ ಹಿಂದಿನ ಡಿಕ್ಕಿ ಬಾಗಿಲು ಎತ್ತಿ, ರಬ್ಬರ್ ಬೀಡಿಂಗಿನ ಒಳಬದಿಗೆ ಬೆರಳು ಆಡಿಸಿ. ರಬ್ಬರಿನ ಹೊರಗೆ ಬಿಳಿ ಪುಡಿ ಇದ್ದೇ ಇರುತ್ತದೆ. ಒಳಗೂ ಬೆರಳಿಗೆ ಪುಡಿ ಹತ್ತಿದರೆ ಬಾಗಿಲು ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಮುಂದಿನ ಗಾಜಿನ ಮೇಲೆ ಕೂತ ಸುಣ್ಣಕಲ್ಲಿನ ಪುಡಿಯನ್ನು ಒಣ ವೈಪರಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ನೀರು ಚಿಮ್ಮಿಸಿ ನೋಡಿ, ನೀರು ಗಾಜಿನ ಪೂರ್ತಿ ಅಗಲಕ್ಕೆ ಬೀಳಬೇಕು. ಏರ್ ಫಿಲ್ಟರ್ ಮತ್ತು ಕ್ಯಾಬಿನ್ ಫಿಲ್ಟರಿನ ಬೆಲೆಯನ್ನು ಸರ್ವಿಸ್ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಿ, ಈ ಧೂಳಿಗೆ ಪುಸ್ತಕದಲ್ಲಿ ಬರೆದ ಅವಧಿಗಿಂತ ಬೇಗನೇ ಬದಲಿಸಬೇಕಾಗುತ್ತದೆ.

ವಾಡಿ: ಲಾರಿ ಹಿಂದಿಕ್ಕುವ ಶಕ್ತಿ

1874ರಲ್ಲಿ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ಬಿದ್ದಾಗಿನಿಂದ ವಾಡಿ ಜಂಕ್ಷನ್ ಊರು. ಈಗ ರಸ್ತೆಯ ಮೇಲೆ ಕಾಣುವುದು ಸಿಮೆಂಟ್ ಕಾರ್ಖಾನೆಯ ಲಾರಿ, ಬಲ್ಕರ್, ಹಾರುಬೂದಿ ಹೊತ್ತ ಟ್ಯಾಂಕರ್. ಇವುಗಳ ಹಿಂದೆ ಗಂಟೆಗೆ ನಲವತ್ತರ ವೇಗದಲ್ಲಿ ಸಾಗಿ ಎದುರು ರಸ್ತೆ ಖಾಲಿಯಾದಾಗ ದಾಟುವುದು ನಮ್ಮ ದಿನನಿತ್ಯದ ಡ್ರೈವಿಂಗ್. ನಲವತ್ತರಿಂದ ಎಂಬತ್ತಕ್ಕೆ ಗಾಡಿ ಎಷ್ಟು ಬೇಗ ಏರುತ್ತದೆ ಎಂಬುದನ್ನು ಇಲ್ಲಿ ಗಮನಿಸಿ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬ ಜಾಹೀರಾತಿನ ಅಂಕಿ ನಮಗೆ ಬೇಕಿಲ್ಲ. 1.2 ಲೀಟರಿನ ಸಾದಾ ಪೆಟ್ರೋಲ್ ಎಂಜಿನ್ ಐದು ಜನ ಮತ್ತು ಎ.ಸಿ. ಹೊತ್ತಾಗ ಎರಡು ಗೇರು ಇಳಿಸದೆ ಮುಂದೆ ಹೋಗುವುದಿಲ್ಲ. ಸಣ್ಣ ಟರ್ಬೊ ಎಂಜಿನ್ ಒಂದು ಕ್ಷಣ ತಡೆದು ಒಮ್ಮೆಲೇ ಎಳೆಯುತ್ತದೆ, ಆ ತಡೆಯ ಅಂದಾಜು ಕಾಲಿಗೆ ಸಿಗಬೇಕು. ಎಎಂಟಿ ಗೇರಿನಲ್ಲಿ ಗೇರು ಬದಲಾಗುವಾಗ ತಲೆ ಮುಂದಕ್ಕೆ ವಾಲಿದಂತಾಗುತ್ತದೆ. ಲಾರಿಯ ಪಕ್ಕದಲ್ಲಿರುವಾಗಲೇ ಹಾಗಾದರೆ ಹೆದರಿಕೆಯಾಗುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅನುಮಾನವಿದ್ದರೆ ಪರೀಕ್ಷೆಗಾಗಿ ಓವರ್‌ಟೇಕ್ ಮಾಡಲೇಬೇಡಿ, ಖಾಲಿ ನೇರ ರಸ್ತೆಯಲ್ಲಿ ಅದೇ ವೇಗಗಳಲ್ಲಿ ನೋಡಿದರೂ ಗೊತ್ತಾಗುತ್ತದೆ.

ಡೀಸೆಲ್ ಬೇಕೆನ್ನುವವರಿಗೆ ಒಂದು ಮಾತು ತಿಳಿದಿರಲಿ. 2020ರ ಏಪ್ರಿಲ್‌ನಿಂದ ಬಿಎಸ್–6 ಬಂದ ಮೇಲೆ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಲು ಆಗಾಗ ಒಂದೇ ವೇಗದಲ್ಲಿ ದೂರ ಓಡಬೇಕು. ವಾಡಿಯಿಂದ ಶಹಾಬಾದಕ್ಕೆ ಹೋಗಿ ಬರುವುದಷ್ಟೇ ಕೆಲಸವಿದ್ದರೆ ಪೆಟ್ರೋಲ್ ಸಾಕು. ವಾರವಾರ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರಿಗೆ ಡೀಸೆಲ್ ಸರಿ.

ಬ್ರೇಕ್ ಪರೀಕ್ಷೆಯೂ ಈ ಭಾಗದಲ್ಲೇ ಆಗಲಿ. ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿ, ಒಳಗಿದ್ದವರಿಗೆಲ್ಲ ಬೆಲ್ಟ್ ಹಾಕಿಸಿ, ಹೇಳಿ, ಅರವತ್ತರ ವೇಗದಲ್ಲಿ ಗಟ್ಟಿಯಾಗಿ ಒತ್ತಿ. ಎಬಿಎಸ್ ಈಗ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಪೆಡಲ್ ನಡುಗಿದರೆ ಅದು ಕೆಲಸ ಮಾಡುತ್ತಿದೆ ಎಂದು ಅರ್ಥ, ಕಾಲು ತೆಗೆಯಬೇಡಿ. ಗಾಡಿ ನೇರವಾಗಿ ನಿಲ್ಲಬೇಕು.

ಸಮಯವಿದ್ದರೆ ವಾಡಿಯಿಂದ ನಾಲವಾರದ ಕಡೆಗೆ ತಿರುಗಿ ಭೀಮಾ ದಂಡೆಯ ಸನ್ನತಿಗೆ ಹೋಗಿ ಬನ್ನಿ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪ ಅವನ ಹೆಸರಿನ ಬರಹದ ಸಮೇತ ಸಿಕ್ಕಿತು, ಅದನ್ನು ಕೆತ್ತಿದ್ದೂ ಇಲ್ಲಿನ ಸುಣ್ಣಕಲ್ಲಿನಲ್ಲೇ. ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸೋ ಎತ್ತಿನ ಗಾಡಿಯೋ ಬಂದಾಗ ನಿಮ್ಮ ಕ್ರಾಸ್‌ಓವರ್‌ನ ಅಗಲ ನಿಮಗೆ ಅರ್ಥವಾಗುತ್ತದೆ. ಬಾನೆಟ್ ತುದಿ ಸೀಟಿನಿಂದ ಕಾಣುತ್ತದೆಯೇ, ಮುಂದಿನ ಗಾಜಿನ ಪಕ್ಕದ ಕಂಬ ತಿರುವಿನಲ್ಲಿ ಬರುವ ಬೈಕನ್ನು ಮರೆಮಾಡುತ್ತದೆಯೇ ನೋಡಿ.

ಚಿತ್ತಾಪುರ: ಎರೆಮಣ್ಣು ಮತ್ತು ಕಾಗಿಣಾ ನೀರು

ಚಿತ್ತಾಪುರ, ಸೇಡಂ ಭಾಗ ತೊಗರಿಯ ನಾಡು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆ ತೊಗರಿ ಬೆಳೆಯುವ ಎರೆಮಣ್ಣು ಒದ್ದೆಯಾದರೆ ಟೈರಿನ ಗೀರುಗಳೆಲ್ಲ ತುಂಬಿ ಚಕ್ರ ನುಣ್ಣಗಾಗುತ್ತದೆ. ಮುಂದಿನ ಚಕ್ರದ ಎಳೆತದ ಗಾಡಿ ಅಲ್ಲೇ ತಿರುಗುತ್ತ ಹೂತುಕೊಳ್ಳುತ್ತದೆ. ಮಾರುತಿ ಗ್ರ್ಯಾಂಡ್ ವಿಟಾರಾದಂಥ ಕೆಲವಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಮಾಡೆಲ್ ಬಂದಿದ್ದರೂ ಹೆಚ್ಚಿನ ಕ್ರಾಸ್‌ಓವರ್‌ಗಳಲ್ಲಿ ಆ ಸೌಲಭ್ಯವಿಲ್ಲ. ಬೇರೆಯವರ ಗಾಡಿಯನ್ನು ಒದ್ದೆ ಎರೆಗೆ ಇಳಿಸಿ ಪರೀಕ್ಷಿಸಬೇಡಿ. ಡಾಂಬರಿನ ಅಂಚಿನಿಂದ ಒಣ ಮಣ್ಣಿಗೆ ಎರಡು ಚಕ್ರ ಇಳಿಸಿ ಮತ್ತೆ ಏರಿಸುವಾಗ ಸ್ಟೇರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆಯೇ ಎಂದು ನೋಡಿದರೆ ಸಾಕು.

ಮಳೆಗಾಲದಲ್ಲಿ ಹೊರಟವರಿಗೆ ಒಂದು ಕಟ್ಟುನಿಟ್ಟಿನ ಮಾತು. ಕಾಗಿಣಾ ನದಿ ಉಕ್ಕಿದಾಗ ದಂಡೋತಿ ಸೇತುವೆ ಮುಳುಗುವುದು, ಸಂಪರ್ಕ ಕಡಿಯುವುದು ಈ ಭಾಗದವರಿಗೆ ಹೊಸತಲ್ಲ. 2020ರ ಅಕ್ಟೋಬರ್ ಪ್ರವಾಹವನ್ನು ಮಳಖೇಡದವರು ಮರೆತಿಲ್ಲ. ಎತ್ತರದ ಗಾಡಿ ಇದೆಯೆಂಬ ಧೈರ್ಯವೇ ಅಪಾಯ ತರುತ್ತದೆ. ಹರಿಯುವ ನೀರು ಮೊಣಕಾಲ ಮಟ್ಟಕ್ಕಿಂತ ಕೆಳಗಿದ್ದರೂ ಕಾರನ್ನು ತೇಲಿಸಿ ತಳ್ಳಬಲ್ಲದು. ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕರೆ ಒಳಗಿನ ಕಂಬಿಗಳೇ ಬಾಗುತ್ತವೆ, ಆ ರಿಪೇರಿಗೆ ಸಾಮಾನ್ಯ ವಿಮೆ ದುಡ್ಡು ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆ ಅದಕ್ಕಾಗಿಯೇ ಇದೆ. ನಮ್ಮ ಭಾಗದವರು ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಸೇತುವೆಯ ಮೇಲೆ ನೀರಿದ್ದರೆ ಗಾಡಿ ತಿರುಗಿಸಿ.

ಮಳಖೇಡದ ಮಧ್ಯಾಹ್ನ

ಮಳಖೇಡಕ್ಕೆ ಮಧ್ಯಾಹ್ನ ಮುಟ್ಟುವಂತೆ ಲೆಕ್ಕ ಹಾಕಿ. ರಾಷ್ಟ್ರಕೂಟರ ಮಾನ್ಯಖೇಟ ಇದು, ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ ನೋಡಿ ಬರಲು ಗಂಟೆ ಬೇಕು. ಗಾಡಿಯನ್ನು ಬೇಕೆಂದೇ ಬಿಸಿಲಿನಲ್ಲಿ ನಿಲ್ಲಿಸಿ ಹೋಗಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಎ.ಸಿ. ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮರಳಿ ಬಂದು ಎರಡು ನಿಮಿಷ ಕಿಟಕಿ ತೆರೆದು ಬಿಸಿಗಾಳಿ ಹೊರಗೆ ಬಿಟ್ಟು, ಎ.ಸಿ. ಹಾಕಿ, ಗಾಡಿ ನಿಂತಿರುವಾಗಲೇ ಗಡಿಯಾರ ನೋಡಿ. ಹಿಂದಿನ ಸೀಟಿನ ಮಧ್ಯದಲ್ಲಿ ಕೂತವರು ಯಾವಾಗ ‘ಈಗ ಸಾಕು’ ಎನ್ನುತ್ತಾರೋ ಅದೇ ನಿಜವಾದ ಫಲಿತಾಂಶ. ಹಿಂದಕ್ಕೆ ಎ.ಸಿ. ಗಾಳಿಯ ಬಾಯಿ ಇಲ್ಲದ ಮಾಡೆಲ್‌ಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಸನ್‌ರೂಫ್ ಇಲ್ಲದ ಗಾಡಿ ಬೇಡ ಎಂದು ಮಕ್ಕಳು ಹಟ ಮಾಡುತ್ತಾರೆ. ತಲೆಯ ಮೇಲಿನ ಗಾಜು ಮೇ ತಿಂಗಳಲ್ಲಿ ಎಷ್ಟು ಕಾಯುತ್ತದೆ ಎಂದು ಇಲ್ಲೇ ಅಂಗೈ ಹಿಡಿದು ತೋರಿಸಿ. ಅದೇ ದುಡ್ಡಿಗೆ ಗಾಳಿಯಾಡುವ ಮುಂದಿನ ಸೀಟು, ಹಿಂದಿನ ಕಿಟಕಿಗೆ ಪರದೆ ಸಿಕ್ಕರೆ ಕಲಬುರಗಿ ಜಿಲ್ಲೆಯವರಿಗೆ ಅವು ಹತ್ತು ಪಾಲು ಉಪಯೋಗ.

ಸೇಡಂ ದಾಟಿ ಚಿಂಚೋಳಿ ಕಾಡಿಗೆ

ಸೇಡಂನಲ್ಲಿ ಊಟ ಮುಗಿಸಿ ಚಿಂಚೋಳಿಗೆ ಹೊರಡುವಾಗ ಸ್ಟೇರಿಂಗನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು ನೀವು ಹಿಂದೆ ಕೂರಿ. ತೊಡೆಯ ಕೆಳಗೆ ಸೀಟು ಎಷ್ಟು ಉದ್ದಕ್ಕೆ ಆನಿಕೆ ಕೊಡುತ್ತದೆ, ಮೂವರು ಕೂತರೆ ನಡುವಿನವರ ಗತಿ ಏನು, ಮಗುವಿನ ಸೀಟು ಬಿಗಿಯುವ ಐಸೊಫಿಕ್ಸ್ ಕೊಂಡಿ ಕೈಗೆ ಸಿಗುತ್ತದೆಯೇ, ಟೈರಿನ ಸದ್ದಿನಲ್ಲಿ ಮಾತು ಕೇಳುತ್ತದೆಯೇ: ಇವು ಚಾಲಕನ ಸೀಟಿನಲ್ಲಿ ಎಂದೂ ತಿಳಿಯುವುದಿಲ್ಲ.

ಚಿಂಚೋಳಿಯಿಂದ ಚಂದ್ರಂಪಳ್ಳಿ ಜಲಾಶಯ, ಕುಂಚಾವರಂ ಕಡೆಗೆ ರಸ್ತೆ ಕಾಡಿಗೆ ಹೊಗುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರಿನ ಒಣ ಕಾಡು ಇದು. ಬಯಲುಸೀಮೆಯಲ್ಲಿ ಹುಟ್ಟಿದ ಗಾಡಿಗೆ ಏರು–ತಿರುವುಗಳು ಸಿಗುವುದು ಇಲ್ಲೇ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಹಿಂದಕ್ಕೆ ಜಾರದಂತೆ ತಡೆಯುವ ವ್ಯವಸ್ಥೆ ಇದ್ದರೆ ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಭಾರ ತುಂಬಿದ, ಮುಂದಿನ ಚಕ್ರದ ಎಳೆತದ ಗಾಡಿ ಏರಿನಲ್ಲಿ ಹೊರಡುವಾಗ ತೂಕವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಟೈರು ಮರಳಿನ ಮೇಲೆ ತಿರುಗುವುದುಂಟು. ಇಳಿಜಾರಿನಲ್ಲಿ ಆಟೊಮ್ಯಾಟಿಕ್ ಗಾಡಿ ಕೆಳಗಿನ ಗೇರಿನಲ್ಲಿ ತಡೆದು ಇಳಿಯುತ್ತದೆಯೇ, ಎಲ್ಲಕ್ಕೂ ಬ್ರೇಕನ್ನೇ ತುಳಿಯಬೇಕೇ ಎಂದು ಗಮನಿಸಿ. ತಿರುವಿನಲ್ಲಿ ಎತ್ತರದ ಮೈ ಹೊರಕ್ಕೆ ವಾಲುವುದು ಸಹಜ, ಹಿಂದೆ ಕೂತವರು ಹಿಡಿಕೆ ಹಿಡಿಯುವಷ್ಟು ವಾಲಬಾರದು. ಕಾಡಿನಲ್ಲಿ ಡಾಂಬರು ಬಿಟ್ಟು ಇಳಿಯಬೇಡಿ, ಹಾರ್ನ್ ಬೇಡ, ಕತ್ತಲಾಗುವ ಮುಂಚೆ ಹೊರಬನ್ನಿ.

ವಾಪಸು ಬರುವಾಗಿನ ಕತ್ತಲೂ ಪರೀಕ್ಷೆಯ ಭಾಗವೇ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ಕಬ್ಬು–ಹೊಟ್ಟಿನ ಗಾಡಿ ಈ ರಸ್ತೆಗಳ ದೊಡ್ಡ ಅಪಾಯ. ಡಿಮ್ ಲೈಟಿನಲ್ಲಿ ಎಷ್ಟು ದೂರ ಕಾಣುತ್ತದೆ, ರಸ್ತೆಯ ಎಡ ಅಂಚು ಕಾಣುತ್ತದೆಯೇ ನೋಡಿ. ಬಿಳಿ ಎಲ್‌ಇಡಿ ಖಾಲಿ ರಸ್ತೆಯಲ್ಲಿ ಚೆನ್ನಾಗಿದ್ದರೂ ಧೂಳು ಮಳೆಯಲ್ಲಿ ಕಣ್ಣಿಗೇ ಹೊಳೆಯುತ್ತದೆ. ಕ್ಯಾಮೆರಾ ನೋಡಿ ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ತಂತ್ರಜ್ಞಾನಕ್ಕೆ ಒಂದು ಲಕ್ಷ ಹೆಚ್ಚು ಕೊಡುವ ಮುನ್ನ, ರಸ್ತೆಗೆ ಬಿಳಿ ಗೆರೆಯೇ ಇಲ್ಲದ ಕಡೆ ಅದು ಏನು ಮಾಡುತ್ತದೆ ಎಂಬುದನ್ನು ಇಲ್ಲೇ ಕಂಡುಕೊಳ್ಳಿ.

ಬೆಲೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿವರೆಗಿನ ಪೆಟ್ರೋಲ್ ಅಥವಾ 1500 ಸಿಸಿವರೆಗಿನ ಡೀಸೆಲ್ ಎಂಜಿನ್ ಇರುವ ಗಾಡಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಪಂಚ್, ನೆಕ್ಸಾನ್, ವೆನ್ಯೂ ಮೊದಲ ಗುಂಪಿಗೆ, ಕ್ರೆಟಾ, ಸೆಲ್ಟೋಸ್ ಎರಡನೆಯದಕ್ಕೆ. ಬ್ರೆಝಾ ಉದ್ದದಲ್ಲಿ ಚಿಕ್ಕದಾದರೂ ಅದರ ಪೆಟ್ರೋಲ್ ಎಂಜಿನ್ 1.5 ಲೀಟರಿನದು, ಆದ್ದರಿಂದ ಅದೂ ಎರಡನೆಯ ಗುಂಪಿಗೇ ಬೀಳುತ್ತದೆ. ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಗಾಡಿಯ ಬೆಲೆ 10 ಲಕ್ಷ ದಾಟಿದೊಡನೆ ಅದರ ದರವೂ ಏರುತ್ತದೆ. ಹಾಗಾಗಿ ಎಕ್ಸ್ ಶೋರೂಂ ಬೆಲೆಯನ್ನು ಬಿಟ್ಟು, ವಿಮೆ–ತೆರಿಗೆ ಸೇರಿದ ಆನ್‌ರೋಡ್ ಬೆಲೆಯನ್ನು ಬಿಡಿ ಬಿಡಿಯಾಗಿ ಬರೆಸಿಕೊಳ್ಳಿ. ಬೇಡದ ಆಕ್ಸೆಸರಿ ಪ್ಯಾಕೇಜು, ದುಬಾರಿ ಕೋಟಿಂಗು ಅದರಲ್ಲಿ ಸೇರಿದ್ದರೆ ಹೊಡೆದುಹಾಕಿಸಿ. ವಿಮೆಯನ್ನು ಹೊರಗೂ ವಿಚಾರಿಸಬಹುದು.

ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ನೀವು ನೋಡಿದ ಗಾಡಿಗೆ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆಗೆ ಬೇರೆ ಬೇರೆಯಾಗಿ ಎಷ್ಟು ನಕ್ಷತ್ರ ಸಿಕ್ಕಿದೆ ಎಂದು ಕೇಳಿ. ಆ ಅಂಕ ಗೊತ್ತಿಲ್ಲದೆ ಬುಕಿಂಗ್ ಹಣ ಕಟ್ಟಬೇಡಿ.

ಬುಕ್ ಮಾಡಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ರಿಜಿಸ್ಟ್ರೇಷನ್ ಆಗುವ ಮುಂಚೆ, ಹಗಲು ಬೆಳಕಿನಲ್ಲಿ, ನಿಮಗೆ ಮೀಸಲಿಟ್ಟ ಗಾಡಿಯನ್ನೇ ಯಾರ್ಡಿಗೆ ಹೋಗಿ ನೋಡಿ. ಚಾಸಿ ನಂಬರಿನಿಂದ ತಯಾರಾದ ತಿಂಗಳು ಕೇಳಿ ತಿಳಿಯಿರಿ, ಐದೂ ಟೈರಿನ ಪಕ್ಕೆಯಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ವಾರ ಮತ್ತು ವರ್ಷ ಓದಿ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಫೋಟೊ ತೆಗೆದುಕೊಳ್ಳಿ. ಬಾಗಿಲಿನ ಅಂಚು, ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಆ ಗಾಡಿ ಬೇಡವೆಂದು ಬರೆದುಕೊಟ್ಟು ಇನ್ನೊಂದನ್ನು ಕೇಳಿ.